ಬೂತ್ ಸಿದ್ಧವಾಗೋದು ಹಿಂದಿನ ದಿನ ಸಂಜೆ: ಮೊದಲ ಸಲ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಆಗುವವರಿಗೆ

ಪ್ರಶ್ನೆ: ಸರ್, ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. 2024ರ ಲೋಕಸಭಾ ಚುನಾವಣೆಯಲ್ಲಿ ಎಪಿಆರ್‌ಒ, ಅಂದರೆ ಸಹಾಯಕ ಅಧ್ಯಕ್ಷಾಧಿಕಾರಿ, ಆಗಿದ್ದೆ. ಮುಂದಿನ ಸಲ ಪಿಆರ್‌ಒ ಗ್ಯಾರಂಟಿ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಸಾಮಗ್ರಿ ಪಡೆದು ಬೂತಿಗೆ ಹೊರಡುವ ಮಸ್ಟರಿಂಗ್‌ನಿಂದ ಬೆಳಿಗ್ಗೆ 7 ಗಂಟೆವರೆಗೆ ಬೂತನ್ನು ಹೇಗೆ ಸಿದ್ಧ ಮಾಡಬೇಕು? ಮಷಿನ್ ಕೈಕೊಟ್ಟರೆ ನನ್ನ ತಲೆಗೆ ಬರುತ್ತಾ? ಮಷಿನ್ ಇದ್ದ ಮೇಲೂ ಒಂದಷ್ಟು ಬ್ಯಾಲೆಟ್ ಪೇಪರ್ ಯಾಕೆ ಕೊಡುತ್ತಾರೆ? ಪಂಚಾಯ್ತಿ ಚುನಾವಣೆ ಬಂದರೆ ಇದೆಲ್ಲ ಬದಲಾಗುತ್ತಾ?

ಉತ್ತರ: ಮೇಡಂ, ನಾನೂ ಇದೇ ಕೋಲಾರ ಜಿಲ್ಲೆಯಲ್ಲಿ ಮೇಷ್ಟ್ರಾಗಿ ಇದ್ದು ನಿವೃತ್ತನಾದವನು. ಐದು ಸಲ ಪಿಆರ್‌ಒ, ಆಮೇಲೆ ಮಾಸ್ಟರ್ ಟ್ರೈನರ್. ಹೆದರಿಸುವವರ ಮಾತು ಬಿಡಿ. ಅವರಲ್ಲಿ ಅರ್ಧ ಜನ ಡ್ಯೂಟಿ ಕ್ಯಾನ್ಸಲ್ ಮಾಡಿಸಿಕೊಳ್ಳೋಕೆ ತಹಶೀಲ್ದಾರ್ ಆಫೀಸಿಗೆ ಅಲೆದವರೇ ಇರುತ್ತಾರೆ.

ಮಷಿನ್ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ನಿಮಗೆ ಜಾಸ್ತಿ ಭಯ ಇರುವುದು ಅದರದ್ದೇ ಅಲ್ವಾ. ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಪೆಟ್ಟಿಗೆಗಳು ನಾಲ್ಕೈದು ಪರೀಕ್ಷೆ ಪಾಸಾಗಿರುತ್ತವೆ. ಬೆಂಗಳೂರಿನ ಬಿಇಎಲ್ ಅಥವಾ ಹೈದರಾಬಾದಿನ ಇಸಿಐಎಲ್ ತಯಾರಿಸಿದ ಯಂತ್ರ ಅದು. ಚುನಾವಣೆಗೆ ಮುಂಚೆ ಆ ಕಂಪನಿಯ ಎಂಜಿನಿಯರ್‌ಗಳೇ ಜಿಲ್ಲೆಗೆ ಬಂದು, ಪಕ್ಷದವರ ಎದುರಿಗೆ ಒಂದೊಂದನ್ನೂ ಪರೀಕ್ಷಿಸುತ್ತಾರೆ. ಇದಕ್ಕೆ ಎಫ್‌ಎಲ್‌ಸಿ, ಅಂದರೆ ಮೊದಲ ಹಂತದ ಪರೀಕ್ಷೆ, ಅನ್ನುತ್ತಾರೆ. ನೂರಕ್ಕೆ ಐದು ಯಂತ್ರಗಳನ್ನು ಆರಿಸಿ ಅವುಗಳಲ್ಲಿ ಒಂದಕ್ಕೆ 1200, ಎರಡಕ್ಕೆ 1000, ಎರಡಕ್ಕೆ 500 ಅಂತ ಅಣಕು ಮತ ಒತ್ತಿ ನೋಡುತ್ತಾರೆ. ಯಾವ ಯಂತ್ರ ಯಾವ ಕ್ಷೇತ್ರಕ್ಕೆ ಹೋಗಬೇಕು ಅಂತ ಕಂಪ್ಯೂಟರ್ ಒಂದು ಸಲ ಕಲಸುತ್ತದೆ. ಯಾವ ಬೂತಿಗೆ ಅಂತ ಇನ್ನೊಂದು ಸಲ ಕಲಸುತ್ತದೆ. ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆ ಕಮಿಷನಿಂಗ್. ಮತದಾರರು ಬಟನ್ ಒತ್ತುವ ಬ್ಯಾಲೆಟ್ ಯೂನಿಟ್ಟಿನ ಗಾಜಿನ ಕೆಳಗೆ ಬ್ಯಾಲೆಟ್ ಪೇಪರ್ ಕೂರಿಸುವುದು, ಮತದ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್‌ಗೆ ಚಿಹ್ನೆ ತುಂಬುವುದು, ಪ್ರತಿ ಯಂತ್ರದಲ್ಲೂ ನೋಟಾ ಸೇರಿ ಒಬ್ಬೊಬ್ಬರಿಗೂ ಒಂದೊಂದು ಮತ ಒತ್ತಿ ನೋಡುವುದು ಎಲ್ಲ ಆಗಲೇ. ಚಿಹ್ನೆ ತುಂಬುವ ಆ ಸಾಧನವನ್ನೂ ಸೀಲ್ ಮಾಡಿ ಫಲಿತಾಂಶದ ನಂತರ 45 ದಿನ ಇಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ಹೇಳಿತು. ಅವತ್ತೇ ನೀವು ಬೂತಿನಲ್ಲಿ ಕೂತಿದ್ದಿರಿ!

ಹಾಗಾಗಿ ಯಂತ್ರ ಕೆಟ್ಟರೆ ಅದು ನಿಮ್ಮ ತಪ್ಪಲ್ಲ, ಸುತ್ತಲಿನ ಬೂತುಗಳ ಉಸ್ತುವಾರಿ ನೋಡುವ ಸೆಕ್ಟರ್ ಅಧಿಕಾರಿ ಬೇರೆಯದು ತಂದುಕೊಡುತ್ತಾರೆ. ನಿಮ್ಮ ತಲೆಗೆ ಬರುವುದು ಬೇರೆ ತರದ ತಪ್ಪುಗಳು. ಸೀಲ್ ನಂಬರ್ ತಪ್ಪಾಗಿ ಬರೆದದ್ದು, ಮೇಜು ತಪ್ಪು ಜಾಗದಲ್ಲಿ ಇಟ್ಟದ್ದು, ಒಂದು ಬಟನ್ ಒತ್ತಲು ಮರೆತದ್ದು. ಇವುಗಳಲ್ಲಿ ಹೆಚ್ಚಿನವನ್ನು ಹಿಂದಿನ ದಿನವೇ ತಡೆಯಬಹುದು.

ಮಸ್ಟರಿಂಗ್ ಜಾತ್ರೆ ಇದ್ದ ಹಾಗೆ. ಮೈಕಿನಲ್ಲಿ ರೂಟ್ ನಂಬರ್ ಕೂಗುತ್ತಿರುತ್ತಾರೆ, ಬಸ್ಸು ಹೊರಡಲು ರೆಡಿ, ನಿಮ್ಮ ಪಿಒ (ಮತಗಟ್ಟೆ ಅಧಿಕಾರಿ) ಒಬ್ಬರು ಇನ್ನೂ ಬಂದಿಲ್ಲ, ಇನ್ನೊಬ್ಬರು ಊಟದ ಸಾಲಿನಲ್ಲಿ. ಆ ಗದ್ದಲದಲ್ಲೇ ಅರ್ಧ ಗಂಟೆ ಶಾಮಿಯಾನದ ಮೂಲೆಯಲ್ಲಿ ಕೂತುಬಿಡಿ. ಮತ ದಾಖಲಾಗುವ ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್ ಮೂರರ ನಂಬರನ್ನೂ ಪಟ್ಟಿಯ ಜೊತೆ ತಾಳೆ ನೋಡಿ. ಪೆಟ್ಟಿಗೆಗೆ ಕಟ್ಟಿರುವ ಟ್ಯಾಗಿನಲ್ಲಿ ನಿಮ್ಮ ಬೂತ್ ನಂಬರ್ ಇದೆಯಾ ನೋಡಿ. ಬ್ಯಾಲೆಟ್ ಯೂನಿಟ್ ಒಂದಕ್ಕೆ 16 ಬಟನ್. 15 ಜನ ಅಭ್ಯರ್ಥಿಗಳು, ಒಂದು ನೋಟಾ, ಅಲ್ಲಿಗೆ ಮುಗಿಯಿತು. 16ನೇ ಅಭ್ಯರ್ಥಿ ಇದ್ದರೆ ಎರಡು ಬ್ಯಾಲೆಟ್ ಯೂನಿಟ್ ಬರಬೇಕು. ಒಂದೇ ಕೊಟ್ಟಿದ್ದರೆ ಅಲ್ಲೇ ಕೇಳಿ. ಬಸ್ಸು ನಂಗಲಿ ದಾಟಿದ ಮೇಲೆ ನೆನಪಾದರೆ ಏನು ಮಾಡುತ್ತೀರಿ?

ಬ್ಯಾಲೆಟ್ ಪೇಪರಿನ ಬಣ್ಣವನ್ನೂ ಒಮ್ಮೆ ನೋಡಿ. ಲೋಕಸಭೆಗೆ ಬಿಳಿ, ವಿಧಾನಸಭೆಗೆ ಗುಲಾಬಿ. ಹೆಸರುಗಳ ಕ್ರಮದ ಬಗ್ಗೆ ಅಭ್ಯರ್ಥಿಗಳ ಏಜೆಂಟರು ಜಗಳ ತೆಗೆಯುವುದುಂಟು, ‘ನಮ್ಮವರ ಹೆಸರು ಅ ಅಕ್ಷರ, ಯಾಕೆ ಕೆಳಗೆ?’ ಅಂತ. ಮೊದಲು ಮಾನ್ಯತೆ ಪಡೆದ ರಾಷ್ಟ್ರೀಯ, ರಾಜ್ಯ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು. ಆಯಾ ಗುಂಪಿನ ಒಳಗೆ ಮಾತ್ರ ಅಕ್ಷರದ ಕ್ರಮ. ನೋಟಾ ಎಲ್ಲರಿಗಿಂತ ಕೆಳಗೆ. ಇಷ್ಟು ಹೇಳಿದರೆ ಸುಮ್ಮನಾಗುತ್ತಾರೆ.

ಮಸ್ಟರಿಂಗ್ ಜಾಗದಲ್ಲಿ ಯಂತ್ರ ಆನ್ ಮಾಡಿ ನೋಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಕ್ಕೆ ಅನುಮತಿ ಇಲ್ಲ. ವಿವಿಪ್ಯಾಟ್ ಹಿಂಭಾಗದಲ್ಲಿ ಒಂದು ತಿರುಗುವ ನಾಬ್ ಇದೆ. ಅಡ್ಡ ಇದ್ದರೆ ಪ್ರಯಾಣದ ಸ್ಥಿತಿ, ನೆಟ್ಟಗೆ ಇದ್ದರೆ ಕೆಲಸದ ಸ್ಥಿತಿ. ದಾರಿಯುದ್ದಕ್ಕೂ ಅದು ಅಡ್ಡವೇ ಇರಲಿ. ಬೆಳಿಗ್ಗೆ ಯಂತ್ರ ಜೋಡಿಸುವಾಗ ನೆಟ್ಟಗೆ ತಿರುಗಿಸಿ. ‘ವಿವಿಪ್ಯಾಟ್ ಕೆಟ್ಟಿದೆ’ ಅಂತ ಬೆಳಿಗ್ಗೆ ಐದೂಮುಕ್ಕಾಲಿಗೆ ಬರುವ ಫೋನುಗಳಲ್ಲಿ ಕೆಲವು ಈ ನಾಬ್ ಫೋನುಗಳೇ.

ಮತದಾರರ ಪಟ್ಟಿಯ ಮಾರ್ಕ್ಡ್ ಕಾಪಿಯನ್ನು (ಮತ ಹಾಕಿದವರ ಹೆಸರಿಗೆ ಗುರುತು ಹಾಕುವ ಪ್ರತಿ) ಪುಟ ಪುಟವಾಗಿ ತಿರುವಿ. ಭಾಗ ಸಂಖ್ಯೆ ನಿಮ್ಮದೇನಾ, ನಡುವೆ ಪುಟ ಬಿಟ್ಟುಹೋಗಿದೆಯಾ ನೋಡಿ. ಕಂಟ್ರೋಲ್ ಯೂನಿಟ್‌ಗೆ ಹಾಕುವ ಹಸಿರು ಕಾಗದದ ಸೀಲು, ಸ್ಪೆಷಲ್ ಟ್ಯಾಗ್, ಸ್ಟ್ರಿಪ್ ಸೀಲು, ಅರಗು, ನಿಮ್ಮ ಲೋಹದ ಮುದ್ರೆ, ಮತದಾರರ ಸಹಿ ಪಡೆಯುವ 17ಎ ರಿಜಿಸ್ಟರ್, ಮತಗಳ ಲೆಕ್ಕ ಬರೆಯುವ 17ಸಿ ನಮೂನೆ ಇಷ್ಟನ್ನು ನೀವೇ ಎಣಿಸಿಕೊಳ್ಳಿ. ಉಳಿದ ಗುಂಡುಪಿನ್ನು, ಮೇಣದಬತ್ತಿ ಎಲ್ಲ ಪಿಒಗಳು ನೋಡಿಕೊಳ್ಳಲಿ.

ಇನ್ನು ಕೊಠಡಿ. ನನ್ನ ಪ್ರಕಾರ ಪಿಆರ್‌ಒ ಕೆಲಸದಲ್ಲಿ ಅರ್ಧ ಇದೇ. ತರಬೇತಿಯಲ್ಲಿ ಒಂದೇ ಸ್ಲೈಡಿನಲ್ಲಿ ಮುಗಿಸುವುದೂ ಇದನ್ನೇ.

ನಮ್ಮ ಬೂತುಗಳೆಲ್ಲ ಹೆಚ್ಚಾಗಿ ಪ್ರಾಥಮಿಕ ಶಾಲೆಗಳು. ಒಳಗೆ ಹೋದ ತಕ್ಷಣ ಗೋಡೆ ನೋಡಿ. ನಲಿಕಲಿ ಕೊಠಡಿಯಾದರೆ ತಲೆಯಿಂದ ಕಾಲಿನವರೆಗೆ ಚಿತ್ರ. ‘ಕ’ ಅಂದರೆ ಕಮಲ. ಪಕ್ಕದಲ್ಲೇ ಎಣಿಕೆ ಕಲಿಸಲು ಬಿಡಿಸಿದ ಐದು ಬೆರಳಿನ ಕೈ. ‘ನಮ್ಮ ಸಹಾಯಕರು’ ಅಂತ ತಲೆ ಮೇಲೆ ಹೊರೆ ಹೊತ್ತ ರೈತ ಮಹಿಳೆ. ಪಾಪ, ಆ ಟೀಚರ್ ಯಾವ ಪಕ್ಷಕ್ಕೂ ಸೇರಿದವರಲ್ಲ. ಆದರೆ ಬೆಳಿಗ್ಗೆ ಬರುವ ಮೂರು ಏಜೆಂಟರಿಗೆ ಮೂರೂ ಕಾಣುತ್ತವೆ, ಒಬ್ಬೊಬ್ಬರಿಗೆ ಒಂದೊಂದು. ಹಳೇ ನ್ಯೂಸ್ ಪೇಪರ್, ಗಮ್ ಟೇಪ್ ನಿಮ್ಮ ಬ್ಯಾಗಿನಲ್ಲೇ ಇರಲಿ. ಹಿಂದಿನ ಸಂಜೆಯೇ ಮುಚ್ಚಿಬಿಡಿ. ರಾಜಕೀಯ ನಾಯಕರ ಫೋಟೋ ಇದ್ದರೆ ಅದನ್ನೂ ಮುಚ್ಚಬೇಕು. ಗೋಡೆ ಗಡಿಯಾರ ಯಾರದಾದರೂ ಚಿಹ್ನೆಯೇ ಅಂತ ಅಭ್ಯರ್ಥಿ ಪಟ್ಟಿ ನೋಡಿಕೊಂಡು ಇಳಿಸಿ.

ಆಮೇಲೆ ಮೇಜುಗಳು. ಬಾಗಿಲು ಎರಡಿದ್ದರೆ ಒಂದು ಒಳಗೆ ಬರಲು, ಒಂದು ಹೊರಗೆ ಹೋಗಲು. ಒಂದೇ ಇದ್ದರೆ ನಡುವೆ ಹಗ್ಗ ಕಟ್ಟಿ. ಮೊದಲ ಪಿಒ ಹತ್ತಿರ ಮತದಾರರ ಪಟ್ಟಿ, ಎರಡನೆಯವರ ಹತ್ತಿರ ಶಾಯಿ ಮತ್ತು 17ಎ, ಮೂರನೆಯವರ ಹತ್ತಿರ ಕಂಟ್ರೋಲ್ ಯೂನಿಟ್. ಮತ ಹಾಕುವ ಕಂಪಾರ್ಟ್‌ಮೆಂಟ್ ಕೊಠಡಿಯ ದೂರದ ಮೂಲೆಗೆ. ಅಲ್ಲಿಂದ ಕಂಟ್ರೋಲ್ ಯೂನಿಟ್‌ಗೆ ಬರುವ ಕೇಬಲ್ಲು ಸುಮಾರು 5 ಮೀಟರ್, ಅದು ಗೋಡೆ ಬದಿಯಲ್ಲೇ ಹಾದುಹೋಗಬೇಕು. ಮತದಾರರ ಕಾಲಡಿ ಬರಬಾರದು. ಏಜೆಂಟರು ಕೂರುವ ಜಾಗದಿಂದ ಒಳಗೆ ಬರುವವರ ಮುಖ ಕಾಣಬೇಕು, ಬ್ಯಾಲೆಟ್ ಯೂನಿಟ್ ಕಾಣಬಾರದು. ನೀವೇ ಅವರ ಬೆಂಚಿನ ಮೇಲೆ ಕೂತು, ನಿಮ್ಮ ಪಿಒ ಒಬ್ಬರನ್ನು ಕಂಪಾರ್ಟ್‌ಮೆಂಟಿಗೆ ಕಳಿಸಿ ನೋಡಿ. ಅವರ ಮೊಣಕೈ ಅಲ್ಲಾಡುವುದು ಕಂಡರೂ ಮೇಜು ತಿರುಗಿಸಿ.

ಬೆಳಕಿನ ವಿಷಯಕ್ಕೆ ನನ್ನದೇ ಪೆಟ್ಟು ಇದೆ. 2018ರ ಮೇ 12, ವಿಧಾನಸಭಾ ಚುನಾವಣೆ. ಗಡಿಯ ಕಡೆ ಒಂದು ಹಳೇ ಶಾಲೆ, ಹೆಂಚಿನ ಮಾಡು. ಸಂಜೆ ತಲುಪಿದಾಗ ಕೊಠಡಿ ಕತ್ತಲೆ ಕತ್ತಲೆ ಇತ್ತು. ವಯಸ್ಸಾದವರಿಗೆ ಚಿಹ್ನೆ ಕಾಣಲಿ ಅಂತ ಕಂಪಾರ್ಟ್‌ಮೆಂಟನ್ನು ಪೂರ್ವದ ಕಿಟಕಿ ಹತ್ತಿರ ಇಟ್ಟೆ. ಅಣಕು ಮತದಾನ ಚೆನ್ನಾಗೇ ಆಯಿತು. ಎಂಟೂವರೆ ಹೊತ್ತಿಗೆ ಬಿಸಿಲು ಕಿಟಕಿಯಿಂದ ಒಂದು ಪಟ್ಟಿ, ಒಡೆದ ಹೆಂಚಿನಿಂದ ಇನ್ನೊಂದು ಪಟ್ಟಿ ಬಂದು ನೇರ ವಿವಿಪ್ಯಾಟ್ ಮೇಲೆ ಬಿತ್ತು. ಕಂಟ್ರೋಲ್ ಯೂನಿಟ್ಟಿನಲ್ಲಿ ಎರರ್. ಹೊರಗೆ ಸಾಲಿನಲ್ಲಿ ನೂರು ಜನ. ಬೇರೆ ವಿವಿಪ್ಯಾಟ್ ಬರುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಬಂದ ಎಂಜಿನಿಯರ್ ಹುಡುಗ ಮೊದಲು ಮಾಡಿದ ಕೆಲಸ ಅಂದರೆ ಮೇಜನ್ನು ಹಿಡಿದು ನೆರಳಿಗೆ ಎಳೆದದ್ದು. ಒಳಗೆ ಬೆಳಕು ಗುರುತಿಸುವ ಸೆನ್ಸರ್ ಇದೆ, ಜೋರು ಬೆಳಕು ಬಿದ್ದರೆ ತಬ್ಬಿಬ್ಬಾಗುತ್ತದೆ ಅಂದ. ಅದೇ ತಿಂಗಳ 28ಕ್ಕೆ ಉತ್ತರ ಪ್ರದೇಶದ ಕೈರಾನಾ, ಮಹಾರಾಷ್ಟ್ರದ ಭಂಡಾರಾ-ಗೋಂಡಿಯಾ ಉಪಚುನಾವಣೆಯಲ್ಲಿ ಸಾಕಷ್ಟು ವಿವಿಪ್ಯಾಟ್‌ಗಳು ಕೈಕೊಟ್ಟವು. ಆಗಲೂ ಇದೇ ಬೆಳಕಿನ ಕಾರಣ ಹೇಳಿದರು. ಆಮೇಲೆ ಸೆನ್ಸರಿಗೆ ಮರೆ ಮಾಡಿ ಸರಿಪಡಿಸಿದ್ದಾರೆ. ಆದರೂ ನಿಯಮ ಹಾಗೇ ಇದೆ: ಕಿಟಕಿ ಪಕ್ಕ ಬೇಡ, ಟ್ಯೂಬ್‌ಲೈಟಿನ ನೇರ ಕೆಳಗೂ ಬೇಡ. ಸಂಜೆ ಕೊಠಡಿ ನೋಡುವಾಗ ನಾಳೆ ಬಿಸಿಲು ಎಲ್ಲಿ ಬರುತ್ತದೆ ಅಂತ ಬಿಸಿಯೂಟದ ಅಡುಗೆಯವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಆ ಶಾಲೆಯ ಬಿಸಿಲು ಹೆಡ್‌ಮಾಸ್ಟರಿಗೂ ಗೊತ್ತಿರುವುದಿಲ್ಲ.

ಅವತ್ತು ರಾತ್ರಿ ನಿಮಗೆ ಮುದ್ದೆ, ಸಾರು ಮಾಡಿ ಹಾಕುವವರೂ ಸಾಮಾನ್ಯವಾಗಿ ಅವರೇ. ಊರಿನ ಯಾರ ಮನೆಗೂ ಊಟಕ್ಕೆ, ಮಲಗಲು ಹೋಗಬೇಡಿ. ‘ಬನ್ನಿ ಮೇಡಂ, ನಮ್ಮ ಮನೇಲಿ ಬಿಸಿನೀರಿದೆ’ ಅಂತ ಪ್ರೀತಿಯಿಂದಲೇ ಕರೆಯುತ್ತಾರೆ, ಆದರೆ ಅವರು ಯಾರ ಕಡೆಯವರೋ ನಮಗೆ ತಿಳಿಯದು. ಯಂತ್ರ ಬಿಟ್ಟು ಎಲ್ಲರೂ ಒಟ್ಟಿಗೆ ಹೊರಗೆ ಹೋಗುವಂತೆಯೂ ಇಲ್ಲ. ಶೌಚಾಲಯಕ್ಕೆ ನೀರು ಬರುತ್ತಾ, ಚಿಲಕ ಇದೆಯಾ ಅನ್ನೋದನ್ನು ತಲುಪಿದ ಹತ್ತು ನಿಮಿಷದಲ್ಲೇ ನೋಡಿ ಸೆಕ್ಟರ್ ಅಧಿಕಾರಿಗೆ ಹೇಳಿಬಿಡಿ. ಪಿಡಿಒಗೆ ರಾತ್ರಿ ಎಂಟರ ಒಳಗೆ ಹೇಳಿದರೆ ಆಗುವ ಕೆಲಸ ಬೆಳಿಗ್ಗೆ ಐದಕ್ಕೆ ಹೇಳಿದರೆ ಆಗುವುದಿಲ್ಲ. ರ‍್ಯಾಂಪು, ಕುಡಿಯುವ ನೀರು, ನೆರಳಿಗೆ ಶಾಮಿಯಾನ ಇವೂ ಅದೇ ಫೋನಿನಲ್ಲಿ ಬರಲಿ.

ಬೆಳಿಗ್ಗೆ 7ಕ್ಕೆ ಮತದಾನ ಅಂದರೆ ಅಣಕು ಮತದಾನ ಐದೂವರೆಗೆ. ಕನಿಷ್ಠ ಇಬ್ಬರು ಏಜೆಂಟರು ಇರಬೇಕು. ಬರದಿದ್ದರೆ 15 ನಿಮಿಷ ಕಾದು ಶುರು ಮಾಡಿ. ನಮ್ಮ ಗಡಿ ಊರುಗಳಲ್ಲಿ ಏಜೆಂಟರು ‘ಎಕ್ಕಡ ನೊಕ್ಕಾಲಿ?’ ಅಂತ ತೆಲುಗಿನಲ್ಲೇ ಕೇಳುತ್ತಾರೆ, ನಿಮಗೂ ಅಭ್ಯಾಸ ಇರುತ್ತದೆ ಬಿಡಿ. ಕಡಿಮೆ ಅಂದರೆ 50 ಮತ, ನೋಟಾ ಸೇರಿ ಎಲ್ಲರಿಗೂ ಬೀಳಬೇಕು. ಯಾರಿಗೆ ಎಷ್ಟು ಅಂತ ಒಬ್ಬರು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಲಿ. ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಂಡು ಕೆಳಗೆ ಬೀಳುತ್ತದೆ. ಆತುರದಲ್ಲಿ ಅದಕ್ಕೂ ಮುಂಚೆ ಮುಂದಿನ ಮತಕ್ಕೆ ಹೋಗಬೇಡಿ.

ಈಗ ಮೂರು ಅಕ್ಷರ: ಸಿಆರ್‌ಸಿ. ಕ್ಲೋಸ್, ರಿಸಲ್ಟ್, ಕ್ಲಿಯರ್. ಕ್ಲೋಸ್ ಒತ್ತಿ, ರಿಸಲ್ಟ್ ನೋಡಿ, ಗೀಟಿನ ಹಾಳೆ ಮತ್ತು ವಿವಿಪ್ಯಾಟ್ ಚೀಟಿ ಎರಡರ ಜೊತೆಗೂ ತಾಳೆ ಮಾಡಿ. ಎಲ್ಲರೂ ಮರೆಯುವುದು ಕೊನೆಯ ಕ್ಲಿಯರ್. ನನ್ನ ತರಬೇತಿಗೆ ಬಂದಿದ್ದ ಒಬ್ಬ ಮೇಷ್ಟ್ರು, ತುಂಬಾ ಶಿಸ್ತಿನ ಮನುಷ್ಯ, ಅವರಿಗೇ ಹೀಗಾಯಿತು. ರಿಸಲ್ಟ್ ತಾಳೆಯಾದ ಖುಷಿಯಲ್ಲಿದ್ದರು, ಅಷ್ಟರಲ್ಲಿ ಯಾರೋ ಟೀ ತಂದರು, ಸೀಲ್ ಹಾಕಿಬಿಟ್ಟರು. ಸಂಜೆ ಲೆಕ್ಕ ಮುಗಿಸಿದರೆ 17ಎ ರಿಜಿಸ್ಟರಿನಲ್ಲಿ 612, ಯಂತ್ರದಲ್ಲಿ 662. ಸರಿಯಾಗಿ 50 ಜಾಸ್ತಿ. ಕೊಠಡಿಯಲ್ಲಿ ಯಾರೂ ಮಾತಾಡಲಿಲ್ಲವಂತೆ. ಅಂಥ ಯಂತ್ರವನ್ನು ಎಣಿಕೆ ದಿನ ಪಕ್ಕಕ್ಕೆ ಇಡುತ್ತಾರೆ. ಗೆಲುವಿನ ಅಂತರ ಆ ಬೂತಿನ ಮತಗಳಿಗಿಂತ ಕಡಿಮೆ ಬಂದರೆ ವಿವಿಪ್ಯಾಟ್ ಚೀಟಿ ಎಣಿಸಬೇಕಾಗುತ್ತದೆ. ಪಿಆರ್‌ಒಗೆ ನೋಟಿಸ್ ಬರುವುದು ಬೇರೆ ಮಾತು.

ಅದಕ್ಕೇ ನಾನು ಒಂದು ಉಪಾಯ ಹೇಳಿಕೊಡುತ್ತಿದ್ದೆ. ಹಸಿರು ಸೀಲನ್ನು ನಿಮ್ಮ ಜೇಬಿನಲ್ಲಿ, ಅಂದರೆ ನಿಮ್ಮ ಪರ್ಸಿನಲ್ಲಿ, ಇಟ್ಟುಕೊಳ್ಳಿ. ಟೋಟಲ್ ಬಟನ್ ಒತ್ತಿ ಸೊನ್ನೆ ಕಂಡು, ಏಜೆಂಟರಿಗೂ ತೋರಿಸಿ, ಅವರು ‘ಸೊನ್ನೆ’ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ ಹೊರಗೆ ತೆಗೆಯಿರಿ. ಆಮೇಲೆ ವಿವಿಪ್ಯಾಟ್ ಕೆಳಗಿನ ಪೆಟ್ಟಿಗೆಯಿಂದ ಚೀಟಿ ಎಲ್ಲ ತೆಗೆದು, ಖಾಲಿ ಅಂತ ತೋರಿಸಿ ಸೀಲ್ ಮಾಡಿ. ತೆಗೆದ ಚೀಟಿಗಳ ಹಿಂದೆ ಅಣಕು ಮತದಾನದ ಮುದ್ರೆ ಒತ್ತಿ ಕಪ್ಪು ಲಕೋಟೆಗೆ ಹಾಕಿ. ಲಕೋಟೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಸೀಲು. ಹಸಿರು ಸೀಲಿನ ಬಿಳಿ ಬದಿಯಲ್ಲಿ ನಿಮ್ಮ ಸಹಿ, ಏಜೆಂಟರ ಸಹಿ. ನಂಬರನ್ನು ಅವರೂ ಬರೆದುಕೊಳ್ಳಲಿ. ಸೀಲು ಹರಿದರೆ ಗಾಬರಿ ಬೇಡ, ಹೆಚ್ಚಿಗೆ ಕೊಟ್ಟಿರುತ್ತಾರೆ. ಹರಿದದ್ದನ್ನು ಬಿಸಾಡಬೇಡಿ, ಅದಕ್ಕೂ ಲೆಕ್ಕ ಇದೆ.

ಯಂತ್ರ ಬದಲಿಸುವ ನಿಯಮ ಇಷ್ಟೇ. ಅಣಕು ಮತದಾನದಲ್ಲಿ ಕೆಟ್ಟರೆ ಯಾವುದು ಕೆಟ್ಟಿದೆಯೋ ಅದನ್ನು ಮಾತ್ರ ಬದಲಿಸಿ. ಮತದಾನ ಶುರುವಾದ ಮೇಲೆ ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮೂರನ್ನೂ ಬದಲಿಸಿ, ಒಬ್ಬೊಬ್ಬರಿಗೆ ಒಂದೊಂದು ಅಣಕು ಮತ ಹಾಕಿ ಮತ್ತೆ ಸಿಆರ್‌ಸಿ. ವಿವಿಪ್ಯಾಟ್ ಒಂದೇ ಕೆಟ್ಟರೆ ಅದೊಂದನ್ನೇ ಬದಲಿಸಿ, ಅಣಕು ಮತ ಬೇಡ.

ಬ್ಯಾಲೆಟ್ ಪೇಪರ್ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯಿತು. ಬೂತಿಗೆ 20 ಕೊಡುತ್ತಾರೆ, ಟೆಂಡರ್ಡ್ ಬ್ಯಾಲೆಟ್ ಅಂತ. ನೋಡಲು ಯಂತ್ರದ ಮೇಲೆ ಕೂರಿಸಿರುವಂಥದ್ದೇ. ಒಬ್ಬ ಅಜ್ಜಿ ಬರುತ್ತಾರೆ, ಗುರುತಿನ ಚೀಟಿ ಸರಿ ಇದೆ, ಪಟ್ಟಿ ನೋಡಿದರೆ ಅವರ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿ ಹೋಗಿದ್ದಾರೆ. ಅವರನ್ನು ವಾಪಸ್ ಕಳಿಸುವಂತಿಲ್ಲ, ಯಂತ್ರದಲ್ಲಿ ಹಾಕಿಸುವಂತೆಯೂ ಇಲ್ಲ. ಪ್ರಶ್ನೆ ಕೇಳಿ ನಿಮಗೆ ಒಪ್ಪಿಗೆಯಾದರೆ 17ಬಿ ನಮೂನೆಯಲ್ಲಿ ಸಹಿ ಪಡೆದು ಈ ಪೇಪರ್ ಕೊಡಿ. ಅವರು ಬಾಣದ ಗುರುತಿನ ರಬ್ಬರ್ ಸ್ಟಾಂಪಿನಿಂದ ಒತ್ತಿ, ಮಡಿಚಿ ನಿಮ್ಮ ಕೈಗೇ ಕೊಡುತ್ತಾರೆ. ಅದು ಬೇರೆ ಲಕೋಟೆಗೆ ಹೋಗುತ್ತದೆ. ಮಾಮೂಲಿ ಎಣಿಕೆಯಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮತ್ತೆ ಯಾಕೆ ಅಂದರೆ, 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅಂತರ ಅಷ್ಟು ಸಣ್ಣದಾಗಿ ಕೋರ್ಟಿಗೆ ಹೋದರೆ ಆ ಅಜ್ಜಿಯ ಲಕೋಟೆಗೆ ಬೆಲೆ ಬರುತ್ತದೆ. ಹಿಂದಿನ ಸಂಜೆ 20 ಪೇಪರನ್ನೂ ಎಣಿಸಿ, ಕ್ರಮಸಂಖ್ಯೆ ನೋಡಿ, ಹಿಂದೆ ‘ಟೆಂಡರ್ಡ್’ ಮುದ್ರೆ ಇದೆಯಾ ನೋಡಿ. ಇಲ್ಲದಿದ್ದರೆ ಕೊಡುವ ಮುಂಚೆ ನೀವೇ ಬರೆಯಬೇಕು.

ಶಾಯಿ ಬಗ್ಗೆ ಒಂದೇ ಮಾತು. ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದ್ದು, 1962ರಿಂದಲೂ ಅದೇ. 10 ಎಂಎಲ್‌ನ ಪುಟ್ಟ ಸೀಸೆ, ಕೈ ತಾಗಿದರೆ ಸಾಕು ಉರುಳುತ್ತದೆ. ಉರುಳಿದರೆ ರಿಜಿಸ್ಟರಿಗೂ ಹೋಯಿತು, ಪಿಒ ಸೀರೆಗೂ ಹೋಯಿತು, ಬೆಳ್ಳಿಯ ಲವಣ ಅದು, ಒಗೆದರೆ ಬಿಡಲ್ಲ. ಕೈಪಿಡಿಯಲ್ಲೇ ಹೇಳಿದ್ದಾರೆ, ಮರಳು ತುಂಬಿದ ಬಟ್ಟಲಲ್ಲಿ ನೆಟ್ಟು ಇಡಿ ಅಂತ. ಅಡುಗೆಮನೆಯಿಂದ ಒಂದು ತೆಂಗಿನ ಚಿಪ್ಪು, ಅಂಗಳದಿಂದ ಎರಡು ಹಿಡಿ ಮರಳು ಸಾಕು.

ಪಂಚಾಯ್ತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. 2020ರ ಡಿಸೆಂಬರ್ 22 ಮತ್ತು 27ರ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಬೀದರ್ ಬಿಟ್ಟು ಉಳಿದ ಕಡೆ ಪೇಪರ್ರೇ. ಸ್ಥಳೀಯ ಸಂಸ್ಥೆಗಳಿಗೆ ಬ್ಯಾಲೆಟ್ ಪೇಪರ್ರೇ ಇರಲಿ ಅಂತ ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಹಾಗಾಗಿ ನಿಮಗೆ ಮತಪೆಟ್ಟಿಗೆ ಡ್ಯೂಟಿಯೂ ಬರಬಹುದು. ಪೇಪರ್ ಚುನಾವಣೆ ನಿಮಗೆ ಪೂರ್ತಿ ಹೊಸದೇನಲ್ಲ. 2024ರ ಜೂನ್ 3ರಂದು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ನೇರಳೆ ಸ್ಕೆಚ್ ಪೆನ್ನಿನಲ್ಲಿ 1, 2 ಅಂತ ಬರೆದಿರುತ್ತೀರಲ್ಲ. ಪಂಚಾಯ್ತಿಯಲ್ಲಿ ಅದರ ಬದಲು ಸ್ಟಾಂಪು. ಬೆಳಕು, ಗೋಡೆ, ಮೇಜಿನ ಮಾತು ಅಲ್ಲಿಗೂ ಹೊಂದುತ್ತದೆ. ಜಾಸ್ತಿಯಾಗುವುದು ಎಣಿಕೆ. ಬ್ಯಾಲೆಟ್ ಕಟ್ಟುಗಳನ್ನು ಹಿಂದಿನ ದಿನ ಒಂದೊಂದೇ ಹಾಳೆ ತಿರುವಿ ನೋಡಬೇಕು. ಎರಡು ಹಾಳೆ ಅಂಟಿಕೊಂಡಿರುತ್ತವೆ, ಒಂದು ನಂಬರ್ ಹಾರಿರುತ್ತದೆ. ಒಂದೇ ವಾರ್ಡಿಗೆ ಇಬ್ಬರು ಮೂವರು ಸದಸ್ಯರಿದ್ದರೆ ಒಬ್ಬ ಮತದಾರ ಅಷ್ಟು ಮತ ಹಾಕಬಹುದು. ‘ಒಂದೇ ಕಡೆ ಒತ್ತಬೇಕಾ, ಎರಡು ಕಡೆನಾ?’ ಅಂತ ದಿನವಿಡೀ ಕೇಳುತ್ತಾರೆ. ನಿಮ್ಮ ಪಿಒಗಳೆಲ್ಲ ಒಂದೇ ಉತ್ತರ ಹೇಳುವ ಹಾಗೆ ರಾತ್ರಿಯೇ ಮಾತಾಡಿಕೊಳ್ಳಿ.

ಮತ್ತೆ ಯಂತ್ರದ ಬೂತಿಗೆ ಬಂದರೆ, ಆರೂಮುಕ್ಕಾಲಿಗೇ ಹೊರಗೆ ಸಾಲು ನಿಂತಿರುತ್ತದೆ. ನಮ್ಮ ಕಡೆ ಡೈರಿಗೆ ಹಾಲು ಹಾಕಿ ಕ್ಯಾನ್ ಹಿಡಿದುಕೊಂಡೇ ಬರುತ್ತಾರೆ, ಆಮೇಲೆ ಟೊಮೆಟೊ ಬಿಡಿಸಲು ಹೋಗಬೇಕು, ಎಲ್ಲರಿಗೂ ಅವಸರ. ಬೂತಿಗೆ ಮುಂಚೆ 1500 ಮತದಾರರವರೆಗೆ ಇರುತ್ತಿದ್ದರು, ಈಚೆಗೆ ಆಯೋಗ 1200ಕ್ಕೆ ಇಳಿಸಿದೆ, ಆದರೂ ಮೊದಲ ಎರಡು ಗಂಟೆ ಉಸಿರಾಡಲು ಬಿಡುವುದಿಲ್ಲ. ಮೊದಲನೆಯವರನ್ನು ಒಳಗೆ ಬಿಡುವ ಮುಂಚೆ 17ಎ ರಿಜಿಸ್ಟರಿನ ಮೊದಲ ಪುಟದಲ್ಲಿ, ‘ಕಂಟ್ರೋಲ್ ಯೂನಿಟ್ಟಿನ ಒಟ್ಟು ಮತ ಪರಿಶೀಲಿಸಿದೆ, ಸೊನ್ನೆ ಇದೆ’ ಅಂತ ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ. ಹಾಲಿನ ಕ್ಯಾನನ್ನು ಬಾಗಿಲ ಹೊರಗೆ ಇಡಿಸಿ, ಆಮೇಲೆ ಅವರನ್ನು ಕರೆಯಿರಿ.